ಬರೀ ಒ2, ಪೂರ್ತಿ ಎಲ್‌ಟಿಒ, ಥಿನ್ ಎಲ್‌ಟಿಒ: ಮೂರನ್ನೂ ಓಡಿಸಿ ನೋಡಿದ್ದು

ದೊಡ್ಡ ಲಾಗ್ ಫೈಲ್ ಓದಿ ಪದ ಎಣಿಸುವ ಒಂದು ಸಿ ಪ್ರೋಗ್ರಾಂ ನನ್ನ ಹತ್ತಿರ ಇದೆ. ಅದನ್ನೇ ಕ್ಲ್ಯಾಂಗ್ ಎಂಬ ಸಿ ಕಂಪೈಲರ್‌ನಲ್ಲಿ ಮೂರು ಥರ ಬಿಲ್ಡ್ ಮಾಡಿದೆ: ಬರೀ ಒ2 (ಕಂಪೈಲರ್‌ನ ಮಾಮೂಲಿ ಆಪ್ಟಿಮೈಸೇಷನ್ ಮಟ್ಟ), ಪೂರ್ತಿ ಎಲ್‌ಟಿಒ (ಲಿಂಕ್ ಟೈಮ್ ಆಪ್ಟಿಮೈಸೇಷನ್, ಅಂದರೆ ಫೈಲ್‌ಗಳನ್ನು ಜೋಡಿಸುವಾಗ ಕೋಡನ್ನು ಚುರುಕು ಮಾಡುವುದು), ಮತ್ತೆ ಅದರದೇ ಹಗುರ ರೂಪ ಥಿನ್ ಎಲ್‌ಟಿಒ.

ಬರೀ ಒ2 ಕೊಟ್ಟರೆ ಕಂಪೈಲರ್‌ಗೆ ಒಂದು ಸಲಕ್ಕೆ ಒಂದೇ ಸೋರ್ಸ್ ಫೈಲ್ ಕಾಣುತ್ತದೆ. ಹ್ಯಾಶ್‌ಗೆ ಒಂದು ಬೈಟ್ ಸೇರಿಸುವ ನನ್ನ ಪುಟ್ಟ ಫಂಕ್ಷನ್ ಬೇರೆ ಫೈಲ್‌ನಲ್ಲಿದೆ. ಮೆಷಿನ್ ಕೋಡ್ ತೋರಿಸುವ ಆಬ್ಜ್‌ಡಂಪ್‌ನಲ್ಲಿ ನೋಡಿದರೆ ಲೂಪಿನ ಮಧ್ಯದಲ್ಲೇ ಅದಕ್ಕೆ ಕಾಲ್! ಎರಡು ಸಾಲಿನ ಕೆಲಸಕ್ಕೆ ಬೈಟ್‌ಗೊಂದು ಸಲ ಹೋಗಿ ಬರಬೇಕು.

ಪೂರ್ತಿ ಎಲ್‌ಟಿಒದಲ್ಲಿ ಆಬ್ಜೆಕ್ಟ್ ಫೈಲ್ ಒಳಗೆ ಮೆಷಿನ್ ಕೋಡ್ ಬದಲು ಬಿಟ್‌ಕೋಡ್ (ಕಂಪೈಲರ್‌ನ ನಡುವಣ ರೂಪದ ಕೋಡ್) ಇರುತ್ತದೆ. ಲಿಂಕ್ ಮಾಡುವಾಗ ಎಲ್ಲವೂ ಒಂದೇ ಮಾಡ್ಯೂಲ್ ಆಗಿ ಸೇರುತ್ತದೆ, ಆಪ್ಟಿಮೈಸ್ ಆಗುವುದು ಆಮೇಲೆ. ಫಂಕ್ಷನ್ ಲೂಪಿನೊಳಗೇ ಸೇರಿ ಆ ಕಾಲ್ ಮಾಯ. ಅಷ್ಟೇ ಅಲ್ಲ, ನಾನು ಯಾವಾಗಲೂ ಸೊನ್ನೆ ಕೊಡುತ್ತಿದ್ದ ಒಂದು ಆರ್ಗ್ಯುಮೆಂಟ್‌ನ ಇಫ್ ಕೂಡ ಹೋಗಿತ್ತು. ಓಟದ ವೇಗ ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಯಿತು. ಆದರೆ ಒಂದು ಸಾಲು ತಿದ್ದಿದರೂ ಲಿಂಕರ್ ಮೊದಲಿಂದ ಶುರು ಮಾಡುತ್ತದೆ. ಕೋಡ್ ದೊಡ್ಡದಾದಷ್ಟೂ ಮೆಮೊರಿಯನ್ನೂ ನುಂಗುತ್ತದೆ.

ಥಿನ್ ಎಲ್‌ಟಿಒ ಬಂದದ್ದು 2016ರಲ್ಲಿ, ಕ್ಲ್ಯಾಂಗ್‌ನ ಬುನಾದಿಯಾದ ಎಲ್‌ಎಲ್‌ವಿಎಂ 3.9ರ ಜೊತೆ. ಇದು ಎಲ್ಲವನ್ನೂ ಒಟ್ಟಿಗೆ ಸುರಿಯುವುದಿಲ್ಲ. ಪ್ರತಿ ಫೈಲ್‌ನ ಸಾರಾಂಶ ಮಾತ್ರ ನೋಡಿ, ಬೇಕಾದ ಫಂಕ್ಷನ್‌ಗಳನ್ನಷ್ಟೇ ತರಿಸಿಕೊಳ್ಳುತ್ತದೆ. ಮಿಕ್ಕ ಕೆಲಸ ಎಲ್ಲ ಕೋರ್‌ಗಳಿಗೂ ಹಂಚಿಹೋಗುತ್ತದೆ. ಕ್ಯಾಶ್ ಫೋಲ್ಡರ್ ತೋರಿಸಿದರೆ, ತಿದ್ದುಪಡಿ ತಟ್ಟದ ಫೈಲ್‌ಗಳನ್ನು ಮತ್ತೆ ಮುಟ್ಟುವುದೇ ಇಲ್ಲ. ನನ್ನ ಹ್ಯಾಶ್ ಕಾಲ್ ಇಲ್ಲೂ ಮಾಯ. ವೇಗದಲ್ಲಿ ಪೂರ್ತಿ ಎಲ್‌ಟಿಒಗೂ ಇದಕ್ಕೂ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಜಿಸಿಸಿ ಎಂಬ ಇನ್ನೊಂದು ಕಂಪೈಲರ್ ಬಳಸುವವರಿಗೆ ಥಿನ್ ಇಲ್ಲ, ಆದರೆ ಅದರ ಎಲ್‌ಟಿಒ ಕೂಡ ಕೆಲಸವನ್ನು ಭಾಗ ಮಾಡಿ ಹಂಚುತ್ತದೆ.

ಲಾಭ ಸಿಗದ ಜಾಗವೂ ಇದೆ. ಆ ಫಂಕ್ಷನ್ ಹೆಡರ್‌ನಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಆಗಿದ್ದರೆ ಒ2 ಸಾಕಿತ್ತು. ಪ್ರೋಗ್ರಾಂ ಡಿಸ್ಕ್‌ಗಾಗಿ ಕಾಯುತ್ತಾ ಕೂತರೆ ಎಲ್‌ಟಿಒ ತಾನೇ ಏನು ಮಾಡೀತು, ಅಲ್ವಾ? ಎಲ್ಲ ಸಿ ಫೈಲ್‌ಗಳನ್ನೂ ಒಂದಕ್ಕೇ ಅಂಟಿಸುವ ಹಳೇ ಉಪಾಯವೂ ಇದೆ. ಎಸ್‌ಕ್ಯೂಲೈಟ್ ಡೇಟಾಬೇಸ್‌ನವರು ಹಂಚುವುದೇ ಹಾಗೆ. ಅದರಿಂದ ಶೇ. 5ರಿಂದ 10ರಷ್ಟು ವೇಗ ಸಿಕ್ಕಿದೆ ಎನ್ನುತ್ತಾರೆ.

ದಿನದ ಕೆಲಸಕ್ಕೆ ನಾನು ಎಲ್‌ಟಿಒ ಹಾಕುವುದಿಲ್ಲ, ಡಿಬಗರ್‌ನಲ್ಲಿ ಸಾಲುಗಳು ಸುಮ್ನೆ ಅತ್ತಿತ್ತ ಹಾರುತ್ತವೆ. ರಿಲೀಸ್‌ಗೆ ಥಿನ್. ಸ್ಟ್ಯಾಟಿಕ್ ಲೈಬ್ರರಿ ಕಟ್ಟುವುದಿದ್ದರೆ ಮಾಮೂಲಿ ಎಆರ್ (ಆಬ್ಜೆಕ್ಟ್ ಫೈಲ್‌ಗಳನ್ನು ಒಂದು ಕಟ್ಟು ಮಾಡುವ ಟೂಲ್) ಬಿಟ್ಟು ಎಲ್‌ಎಲ್‌ವಿಎಂ-ಎಆರ್ ಹಿಡಿಯಿರಿ. ಇಲ್ಲದಿದ್ದರೆ ಫಂಕ್ಷನ್ ಒಳಗೇ ಇದ್ದರೂ ಅದು ಇಲ್ಲ ಎಂದು ಲಿಂಕರ್ ತಕರಾರು ತೆಗೆಯಬಹುದು.