ವರ್ಕ್‌ಬೆಂಚಿಗೆ ಪುಟ್ಟ ರೂಟರ್: ಇನ್ಸರ್ಟ್ ಪ್ಲೇಟ್ ಬೇಕಾ, ನೇರವಾಗಿ ಬಿಗಿದರೆ ಸಾಕಾ?

ಮರದ ಅಂಚು ಕೊರೆಯುವ ಯಂತ್ರವಾದ ರೂಟರನ್ನು ಬೆಂಚಿನ ಕೆಳಗೆ ತಲೆಕೆಳಗಾಗಿ ಬಿಗಿದು, ಅದರ ಬಿಟ್ (ಕೊರೆಯುವ ಅಲಗು) ಮೇಲೆ ಬರುವಂತೆ ಮಾಡಲು ಎರಡು ದಾರಿ: ಹಲಗೆಗೇ ನೇರವಾಗಿ ಬಿಗಿಯುವುದು, ಇಲ್ಲವೇ ಹಲಗೆಯಲ್ಲಿ ಕಿಂಡಿ ಕೊರೆದು ಕೂರಿಸುವ ತೆಳು ಫಲಕಕ್ಕೆ (ಇನ್ಸರ್ಟ್ ಪ್ಲೇಟ್) ಬಿಗಿಯುವುದು. ಮೊದಲು ಬೆಂಚಿನ ಹಲಗೆ ಎಷ್ಟು ದಪ್ಪ ಇದೆ ಅಂತ ಅಳೆಯಿರಿ. ಪುಟ್ಟ ರೂಟರಿನ ಬಿಟ್ ಮೇಲೆ ಬರುವುದೇ ಸ್ವಲ್ಪ. 18 ಮಿ.ಮೀ. ಪ್ಲೈವುಡ್ಡಿನ ಕೆಳಗೆ ಹಾಗೇ ಬಿಗಿದರೆ, ಅದರಲ್ಲಿ 18 ಮಿ.ಮೀ. ಹಲಗೆಯೊಳಗೇ ಹೋಯಿತು. ಕೆಳಗಿನಿಂದ ಹಲಗೆಯನ್ನು ಕೊರೆದು ತೆಳುವು ಮಾಡಬಹುದು. ಆದರೆ ತೆಳುವಾದ ಜಾಗ ದಿನ ಕಳೆದಂತೆ ಬಾಗುತ್ತದೆ.

6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಈ ಎರಡೂ ತೊಂದರೆ ತಪ್ಪಿಸುತ್ತದೆ. ಬಿಟ್ ಬದಲಿಸಲು ಪ್ಲೇಟ್ ಸಮೇತ ರೂಟರನ್ನು ಮೇಲೆತ್ತಿದರೆ ಆಯ್ತು, ಬೆಂಚಿನ ಕೆಳಗೆ ತೂರಬೇಕಿಲ್ಲ. ಪ್ಲಗ್ ಮಾತ್ರ ಮೊದಲು ತೆಗೆಯಿರಿ. ಅಕ್ರಿಲಿಕ್ ಪ್ಲೇಟಿನಲ್ಲಿ ತೂತು ಕೊರೆಯುವುದು ಸುಲಭ, ಆದರೆ ಭಾರಕ್ಕೆ ನಡುವೆ ಇಳಿಯುತ್ತದೆ. ನನಗೆ ಅದು ಬೇಡ.

ಪ್ಲೇಟಿನ ನಿಜವಾದ ಕಷ್ಟ ಅದು ಕೂರುವ ಅಂಚಿನದ್ದು. ಸುಮ್ನೆ ಗೆರೆ ಎಳೆದು ಕೊರೆದರೆ ಪ್ಲೇಟ್ ಅಲ್ಲಾಡುತ್ತದೆ. ಪ್ಲೇಟಿನ ಸುತ್ತ ಪಟ್ಟಿಗಳನ್ನಿಟ್ಟು ಅಚ್ಚು ಮಾಡಿಕೊಳ್ಳಿ. ಆಳ ಪ್ಲೇಟಿಗಿಂತ ಕೂದಲೆಳೆಯಷ್ಟು ಜಾಸ್ತಿ ಇರಲಿ, ಮೂಲೆಯ ಸ್ಕ್ರೂಗಳಿಂದ ಮಟ್ಟ ಮಾಡಬಹುದು. ಬೆರಳು ಸವರಿ ನೋಡಿ. ಉಗುರು ಸಿಕ್ಕಿದರೆ ಮರವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರೂಟರಿನ ಬುಡದ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ಸ್ಕ್ರೂ ತೂತು ಗುರುತು ಹಾಕಿ. ಇದು ಪ್ಲೇಟಿಗೂ ನೇರ ಜೋಡಣೆಗೂ ಒಂದೇ.

ವರ್ಷಕ್ಕೊಮ್ಮೆ ಅಂಚು ದುಂಡಗೆ ಮಾಡುವವರಿಗೆ ನೇರ ಜೋಡಣೆಯೇ ಸಾಕು. ವಾರವಾರ ಬಿಟ್ ಬದಲಿಸುತ್ತೀರಾ? ಒಂದು ದಿನ ಕೂತು ಪ್ಲೇಟನ್ನೇ ಕೂರಿಸಿ.