ಭತ್ತದ ಕಾಂಡದ ಧಾತುಗಳು: ಯಾವ ಯಂತ್ರದಲ್ಲಿ ನೋಡೋದು?

ಭತ್ತದ ಕಾಂಡದಲ್ಲಿ ಸಿಲಿಕಾನ್ ಎಲ್ಲಿ ಕೂತಿದೆ ಅಂತ ನೋಡಬೇಕಾ? ಇಡಿಎಕ್ಸ್ (ಹೊರಬರುವ ಎಕ್ಸ್‌ರೇ ನೋಡಿ ಧಾತು ಯಾವುದೆಂದು ಗುರುತಿಸುವ ಸಾಧನ) ಇರುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಸಾಕು. ಹೊರಪದರದ ಕೋಶಗಳಲ್ಲಿ ಅದು ಜಾಸ್ತಿ ಇರುತ್ತದೆ, ಒಂದೊಂದು ಕೋಶವೂ ಬೇರೆಯಾಗಿ ಕಾಣುತ್ತದೆ. ಆದರೆ ಸುಮಾರು ಶೇ. 0.1ಕ್ಕಿಂತ ಕಡಿಮೆ ಇರುವುದು ಇದರ ಕಣ್ಣಿಗೆ ಬೀಳುವುದಿಲ್ಲ.

ಗೆಣ್ಣಿನ ನಾಳಗಳಲ್ಲಿರುವ ಸತುವಿಗೆ ಸಿಂಕ್ರೊಟ್ರಾನ್ ಎಕ್ಸ್‌ರೇ ಫ್ಲೋರೆಸೆನ್ಸ್ ಬೇಕು, ಅಂದರೆ ಕಣ ವೇಗವರ್ಧಕದಿಂದ ಬರುವ ಪ್ರಬಲ ಎಕ್ಸ್‌ರೇ ಹಾಯಿಸಿ ಧಾತುಗಳು ಹೊರಸೂಸುವ ಎಕ್ಸ್‌ರೇ ಅಳೆಯುವ ವಿಧಾನ. ಹತ್ತು ಲಕ್ಷದಲ್ಲಿ ಕೆಲವೇ ಭಾಗ ಇದ್ದರೂ ಹಿಡಿಯುತ್ತದೆ. ಇಂದೋರಿನ ಇಂಡಸ್-2 ಎಂಬ ಸಿಂಕ್ರೊಟ್ರಾನ್‌ನಲ್ಲಿ ಈ ಸೌಲಭ್ಯವಿದೆ. ಅರ್ಜಿ ಹಾಕಿ ಸಮಯ ಪಡೆಯಬೇಕು. ಸಿಲಿಕಾನ್‌ಗೆ ಮಾತ್ರ ಇದು ಅಷ್ಟಕ್ಕಷ್ಟೇ, ಅದರ ದುರ್ಬಲ ಸಿಗ್ನಲ್ಲನ್ನು ಗಾಳಿಯೇ ನುಂಗಿಬಿಡುತ್ತದೆ.

ಪೊಟ್ಯಾಸಿಯಂ ನೋಡೋದಾದರೆ ಯಂತ್ರ ಯಾವುದಾದರೂ ಸರಿ, ಕಾಂಡದ ತುಂಡನ್ನು ದ್ರಾವಣದಲ್ಲಿ ಅದ್ದಬೇಡಿ. ಪೊಟ್ಯಾಸಿಯಂ ಕರಗಿ ಜಾಗ ಬಿಟ್ಟರೆ ಸುಮ್ನೆ ಸುಳ್ಳು ನಕ್ಷೆ ಸಿಗುತ್ತದೆ, ಅಲ್ವಾ? ಕೊಯ್ದ ತಕ್ಷಣ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಆ ಹೆಪ್ಪು ಕರಗಲು ಬಿಡದೆ ಒಣಗಿಸಿ.