ಬೇಗ ಸಿಗುವ ಕೆಲಸವೋ, ಕಲಿತ ವೃತ್ತಿಯೋ?

ಮರುವಸತಿ ಪಡೆದ ನಿರಾಶ್ರಿತರಿಗೆ ನೆರವಾಗುವವರು ಆರಿಸಬೇಕಾದ ದಾರಿಗಳು ಎರಡು: ಬೇಗ ಸಿಗುವ ಕೆಲಸ, ಇಲ್ಲವೇ ಕಲಿತ ವೃತ್ತಿಗೆ ಮರಳುವುದು. ಅಮೆರಿಕದ ವ್ಯವಸ್ಥೆ ಬೇಗ ಕೆಲಸಕ್ಕೆ ಸೇರಿಸಲು ಒತ್ತು ಕೊಡುತ್ತ ಬಂದಿದೆ. ಸ್ವೀಡನ್‌ನ ಕಾರ್ಯಕ್ರಮದಲ್ಲಿ ಭಾಷೆ, ತರಬೇತಿಗೆ 24 ತಿಂಗಳವರೆಗೆ ಅವಕಾಶವಿದೆ.

ಗೋದಾಮು ಅಥವಾ ಶುಚಿತ್ವದ ಕೆಲಸ ಕೆಲವೇ ವಾರಗಳಲ್ಲಿ ಸಿಗಬಹುದು. ಸಂಬಳ ಬರುತ್ತದೆ, ಮನೆ ಬಾಡಿಗೆಗೆ ಕೇಳುವ ವೇತನ ಚೀಟಿಯೂ ಕೈಗೆ ಬರುತ್ತದೆ. ಆದರೆ ರಾತ್ರಿ ಪಾಳಿಯಿಂದ ಭಾಷಾ ತರಗತಿ ತಪ್ಪುತ್ತದೆ. ಒಮ್ಮೆ ತಪ್ಪಿದ ತರಗತಿಗೆ ಮರಳುವುದು ಬಹಳ ಕಷ್ಟ. ಕೆಲಸ ಬಿಟ್ಟುಹೋಗಲು ಸೋಮಾರಿತನ ಕಾರಣವೆಂದು ದಯವಿಟ್ಟು ಭಾವಿಸಬೇಡಿ. ಬೆಳಗಿನ ಜಾವ ಬಸ್ ಇರುವುದಿಲ್ಲ, ಮಗುವನ್ನು ನೋಡಿಕೊಳ್ಳುವವರಿರುವುದಿಲ್ಲ. ಸೇರುವ ಮುನ್ನ ಪಾಳಿಯ ಹೊತ್ತಿಗೇ ಅವರೊಂದಿಗೆ ಒಮ್ಮೆ ಪ್ರಯಾಣಿಸಿ. ಮೊದಲ ವೇತನ ಚೀಟಿಯ ಕಡಿತಗಳನ್ನು ಕುಳಿತು ವಿವರಿಸಿ; ಕಡಿತ ಕಂಡು ಮೋಸವಾಯಿತೆಂದು ಹೊರಟುಬಿಡುವವರಿದ್ದಾರೆ.

ವೈದ್ಯರು, ದಾದಿಯರಿಗೆ ಎರಡನೆಯ ದಾರಿಯೇ ಸರಿ, ಆದರೆ ಉದ್ದ: ಪದವಿಯ ಮೌಲ್ಯಮಾಪನ, ಭಾಷಾ ಪರೀಕ್ಷೆ, ಪರವಾನಗಿ ಪರೀಕ್ಷೆ, ಹಲವೆಡೆ ಮೇಲ್ವಿಚಾರಣೆಯಲ್ಲಿ ಸೇವೆ. ದಾಖಲೆ ಕಳೆದುಹೋಗಿದ್ದರೆ ಯೂರೋಪ್ ಮಂಡಳಿಯ ನಿರಾಶ್ರಿತರ ಅರ್ಹತಾ ಪಾಸ್‌ಪೋರ್ಟ್ ಉಪಯುಕ್ತ. ಇದು ಸಂದರ್ಶನ ನಡೆಸಿ, ಓದು ಮತ್ತು ಅನುಭವವನ್ನು ಅಂದಾಜಿಸಿ ಕೊಡುವ ದಾಖಲೆ. ಇದಕ್ಕೆ ಐದು ವರ್ಷ ಮಾನ್ಯತೆ, ಆದರೆ ಇದು ವೃತ್ತಿ ಪರವಾನಗಿಯಲ್ಲ.

ವೆಲ್ಡರ್, ದರ್ಜಿಗಳಿಗೆ ಇಷ್ಟು ಕಾಯುವುದು ಸಾಮಾನ್ಯವಾಗಿ ಅನಗತ್ಯ. ಅರ್ಧ ದಿನದ ಕೈಕೆಲಸ ಪರೀಕ್ಷೆಗೆ ಮಾಲೀಕರನ್ನು ಒಪ್ಪಿಸಿ.

ಹಣದ ತುರ್ತಿದ್ದ ದಾದಿಗೆ ನಮ್ಮ ಸಲಹೆ: ಹಗಲು ಪಾಳಿಯ ಅರೆಕಾಲಿಕ ಆರೈಕೆ ಕೆಲಸ, ಜೊತೆಗೆ ಪರೀಕ್ಷೆಯ ದಿನಾಂಕ ಬರೆದಿಟ್ಟ ಯೋಜನೆ. ದಿನಾಂಕವಿಲ್ಲದಿದ್ದರೆ ತಾತ್ಕಾಲಿಕ ಕೆಲಸವೇ ಕಾಯಂ ಆಗಿಬಿಡುತ್ತದೆ.